ಅಪ್ಪನಿಗೆ ಬಾಣಂತಿಯ ಮಂಚದ ಪಕ್ಕ ಒಂದು ಕುರ್ಚಿ ಕೊಡಿ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಹೆರಿಗೆ ಆಸ್ಪತ್ರೆಗಳ ಆಡಳಿತಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಹೆರಿಗೆ ಮತ್ತು ನವಜಾತ ಶಿಶು ವಾರ್ಡ್‌ಗಳಲ್ಲಿ ದುಡಿಯುವ ಶುಶ್ರೂಷಾ ಸಿಬ್ಬಂದಿಯ ಬಹಿರಂಗ ಪತ್ರ

ಮಾನ್ಯರೇ,

ಕರಾವಳಿಯ ಹೆರಿಗೆ ವಾರ್ಡ್‌ಗಳ ಹೊರಗೆ ಅಪ್ಪಂದಿರು ನಿಲ್ಲುವ ಜಾಗ ಎಲ್ಲರಿಗೂ ಗೊತ್ತು. ಮೆಟ್ಟಿಲು, ಲಿಫ್ಟಿನ ಪಕ್ಕ, ಬೈಕ್ ನಿಲ್ಲಿಸುವ ಮಾಡಿನ ಅಡಿ. ಕರೆದಾಗ ಓಡಿ ಬರುವುದು, ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುವುದು, ರಕ್ತದ ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವುದು, ಬಿಲ್ ಕಟ್ಟುವುದು, ಸಂಜೆ ಭೇಟಿಯ ಹೊತ್ತಿನಲ್ಲಿ ಸ್ವಲ್ಪ ಹೊತ್ತು ಮಗುವಿನ ಮುಖ ನೋಡಿ ಹೊರಡುವುದು. ಡಿಸ್ಚಾರ್ಜ್ ದಿನ ಅದೇ ಮನುಷ್ಯನ ಕೈಗೆ ಮೂರು ಕಿಲೋದ ಜೀವ ಕೊಟ್ಟು, "ಏನಾದರೂ ಇದ್ದರೆ ಬನ್ನಿ" ಎಂದು ಕಳಿಸುತ್ತೇವೆ. ಆ "ಏನಾದರೂ" ಏನು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಾವು ಕೇಳುವುದು ಇಷ್ಟೇ. ಮಗು ಆಸ್ಪತ್ರೆಯಲ್ಲಿರುವ ಮೊದಲ ಮೂರು ದಿನ ಅಪ್ಪನನ್ನು ವಾರ್ಡಿನ ಒಳಗೆ ಬಿಡಿ, ಕೆಲಸ ಕಲಿಸಿ, ಆ ಕೆಲಸವನ್ನು ಅವರಿಗೇ ವಹಿಸಿ.

ಹೆಣ್ಣುಮಗಳು ತವರಿಗೆ ಹೋಗಿ ಹೆರುವ ನಮ್ಮ ಕಡೆಯ ಕ್ರಮದಲ್ಲಿ ತಾಯಿ, ಅತ್ತೆ, ಚಿಕ್ಕಮ್ಮ, ಹತ್ತು ಹೆರಿಗೆ ಕಂಡ ಅಜ್ಜಿ ಸುತ್ತ ಇರುತ್ತಿದ್ದರು. ಗಂಡ ಅಲ್ಲಿ ನೆಂಟ. ಆ ಮನೆ ಈಗ ಎಲ್ಲರಿಗೂ ಇಲ್ಲ. ಬೈಕಂಪಾಡಿಯ ಕಾರ್ಖಾನೆಗಳಲ್ಲಿ, ನಗರದ ಕಟ್ಟಡ ಕೆಲಸಗಳಲ್ಲಿ ದುಡಿಯುವ ಬಾಗಲಕೋಟೆ, ಕೊಪ್ಪಳ, ಗದಗದ ಕುಟುಂಬಗಳಿಗೆ ಊರಿನಿಂದ ತಾಯಿ ಬರಲು ಒಂದು ರಾತ್ರಿಯ ಬಸ್ಸು ಬೇಕು. ಒಡಿಶಾ, ಬಿಹಾರದವರಿಗೆ ಅದೂ ಇಲ್ಲ. ಅಂಥ ಬಾಣಂತಿಯ ಜೊತೆ ಇರುವ ಒಬ್ಬನೇ ಮನುಷ್ಯ ಗಂಡ. ರಾತ್ರಿಯಾದ ಮೇಲೆ "ಗಂಡಸರು ಹೊರಗೆ" ಎಂದರೆ ಆಕೆಯ ಬಳಿ ಯಾರೂ ಉಳಿಯುವುದಿಲ್ಲ. ಇನ್ನು ಕೊಲ್ಲಿಯಿಂದ ಕೆಲವೇ ದಿನಗಳ ರಜೆಯಲ್ಲಿ ಬಂದ ಅಪ್ಪನಿಗೆ ಆ ದಿನಗಳೇ ಪೂರ್ತಿ ಅವಕಾಶ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ ಮಲ್ಪೆ, ಬೆಂಗ್ರೆಯ ಬೋಟಿನವರು ದಡದಲ್ಲೇ ಇರುತ್ತಾರೆ. ಕಲಿಯಲು ಅವರಿಗೆ ಪುರುಸೊತ್ತು ಇರುವ ಎರಡು ತಿಂಗಳು ಅದು.

ನಿಯಮ ಅಡ್ಡ ಬರುತ್ತದೆ ಎನ್ನುವುದನ್ನು ನಾವು ಒಪ್ಪುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿಗೆ ಜೊತೆಗಾರರೊಬ್ಬರು ಇರಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಹೆರಿಗೆ ಕೋಣೆಯಲ್ಲಿ ಮರೆಯ ವ್ಯವಸ್ಥೆ ಇದ್ದರೆ ಗಂಡನೂ ಇರಬಹುದು ಎಂದು ಅದರಲ್ಲೇ ಇದೆ. 2017ರ ಕುಟುಂಬ ಸಹಭಾಗಿತ್ವದ ಆರೈಕೆಯ ಮಾರ್ಗಸೂಚಿಯಂತೆ ಎಸ್‌ಎನ್‌ಸಿಯುನಲ್ಲಿ, ಅಂದರೆ ಕಾಯಿಲೆಯ ನವಜಾತ ಶಿಶುಗಳ ವಿಶೇಷ ಘಟಕದಲ್ಲಿ ಇರುವ ಮಗುವಿನ ಅಪ್ಪ ಅಮ್ಮನಿಗೆ ಕೈ ತೊಳೆಯುವುದರಿಂದ ಹಿಡಿದು ಮನೆಗೆ ಹೋಗುವ ಸಿದ್ಧತೆಯವರೆಗೆ ತರಬೇತಿ ಕೊಟ್ಟು ಆರೈಕೆಯಲ್ಲಿ ಸೇರಿಸಿಕೊಳ್ಳಬೇಕು. ಕಾಯಿಲೆಯ ಮಗುವಿನ ಅಪ್ಪ ಒಳಗೆ ಬರಬಹುದಾದರೆ, ಆರೋಗ್ಯವಾಗಿರುವ ಮಗುವಿನ ಅಪ್ಪ ಏಕೆ ಬರಬಾರದು?

ನಿಜವಾದ ತೊಡಕು ಸಾಮಾನ್ಯ ವಾರ್ಡಿನದು. ಒಂದೇ ಹಾಲ್, ಸಾಲು ಮಂಚ, ಎಲ್ಲರೂ ಎದೆಹಾಲು ಕೊಡುವ ಬಾಣಂತಿಯರು. ಪಕ್ಕದ ಮಂಚದವಳ ಸಂಕೋಚ ಸಣ್ಣದಲ್ಲ, ಅದನ್ನು ಬದಿಗೆ ತಳ್ಳಿ ಈ ಬೇಡಿಕೆ ಇಡುತ್ತಿಲ್ಲ. ಪ್ರತಿ ಮಂಚಕ್ಕೂ ಮೂರು ಕಡೆ ಸುತ್ತುವ ಪರದೆ ಬೇಕು. ಪರದೆ ನೆಲದಿಂದ ಒಂದು ಅಡಿ ಮೇಲೆ ನಿಲ್ಲಬೇಕು. ಇಲ್ಲದಿದ್ದರೆ ಒರೆಸುವಾಗ ಒದ್ದೆಯಾಗಿ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಒಂದು ಮಂಚಕ್ಕೆ ಒಂದೇ ಬ್ಯಾಡ್ಜ್, ಅದರ ಮೇಲೆ ತಾಯಿ ಮಗುವಿನ ಕೈಪಟ್ಟಿಯಲ್ಲಿರುವ ಅದೇ ನಂಬರ್. ಬ್ಯಾಡ್ಜ್ ಇರುವ ಒಬ್ಬರನ್ನು ಬಿಟ್ಟು ಬೇರೆ ಯಾರೂ ಒಳಗಿಲ್ಲ ಎಂದರೆ ಈಗ ಸಂಜೆ ಹೊತ್ತು ಒಂದು ಮಂಚದ ಸುತ್ತ ಎಂಟು ಜನ ಸೇರುವ ಗದ್ದಲ ತಾನಾಗಿ ಇಳಿಯುತ್ತದೆ. ಸೋಂಕಿನ ಭಯವೂ ಆಗ ಕಡಿಮೆ. ಮಗುವನ್ನು ಪರೀಕ್ಷೆಗೆ ಕೊಂಡೊಯ್ಯುವಾಗಲೆಲ್ಲ ನಂಬರ್ ತಾಳೆ ನೋಡುವ ಇನ್ನೊಂದು ಜೊತೆ ಕಣ್ಣೂ ಸಿಗುತ್ತದೆ.

ಈಗ ಕಲಿಸಬೇಕಾದದ್ದರ ಮಾತು. ಅಪ್ಪ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಸಿಸೇರಿಯನ್ ಆದ ಮೊದಲ ರಾತ್ರಿ. ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ ತಾಯಿಯ ಕಾಲು ಕೆಲವು ಗಂಟೆ ಜೋಮು. ಕೈಗೆ ಡ್ರಿಪ್, ಕೆಳಗೆ ಮೂತ್ರದ ನಳಿಗೆ, ಹೊಟ್ಟೆಯಲ್ಲಿ ಹೊಲಿಗೆ. ಆಕೆ ತಾನಾಗಿ ಹೊರಳಲಾರಳು, ಮಗುವನ್ನು ಎತ್ತಿಕೊಳ್ಳಲಾರಳು. ಮಗುವಿಗೆ ಮಾತ್ರ ಮೊದಲ ಗಂಟೆಯೊಳಗೆ ಎದೆಹಾಲು ಶುರುವಾಗಬೇಕು, ಆಮೇಲೆ 24 ಗಂಟೆಗೆ 8ರಿಂದ 12 ಸಲ. ರಾತ್ರಿ ಪಾಳಿಯಲ್ಲಿ ಒಬ್ಬ ನರ್ಸ್ ಎಷ್ಟು ಮಂಚಗಳನ್ನು ನೋಡುತ್ತಾರೆ ಎಂಬುದು ತಮಗೆ ಗೊತ್ತೇ ಇದೆ. ಪ್ರತಿ ಎರಡು ಮೂರು ಗಂಟೆಗೊಮ್ಮೆ ಪ್ರತಿಯೊಬ್ಬ ತಾಯಿಯ ಎದೆಗೆ ಮಗುವನ್ನು ಹಿಡಿದುಕೊಡಲು ನಮ್ಮಿಂದ ಆಗುವುದಿಲ್ಲ. ಬೆಳಗಿನ ಜಾವ ಮಗು ಅಳುತ್ತದೆ, ಗಾಬರಿಯಾದ ಮನೆಯವರು ಪೌಡರ್ ಹಾಲಿನ ಡಬ್ಬಿ ತರಿಸುತ್ತಾರೆ. ಬಾಟಲಿಯ ನಿಪ್ಪಲ್ಲಿಗೆ ಒಗ್ಗಿದ ಮಗು ಎದೆ ಹಿಡಿಯಲು ಹಠ ಮಾಡುತ್ತದೆ. ಎದೆ ಖಾಲಿಯಾಗದೆ ಹಾಲು ಇಳಿಯುವುದು ತಡವಾಗುತ್ತದೆ. ತಡವಾದದ್ದಕ್ಕೆ ಮತ್ತೆ ಡಬ್ಬಿ. ಈ ಸುಳಿ ಬಹುಪಾಲು ಆ ಮೊದಲ ರಾತ್ರಿಯೇ ಶುರುವಾಗುವುದು.

ಹತ್ತು ನಿಮಿಷ ತೋರಿಸಿಕೊಟ್ಟರೆ ಅಪ್ಪ ಇದನ್ನು ತಪ್ಪಿಸಬಲ್ಲ. ಉಂಗುರ, ವಾಚು, ಕೈಯ ದಾರ ತೆಗೆದು ಮೊಣಕೈವರೆಗೆ ಸೋಪಿನಲ್ಲಿ ತೊಳೆಯಬೇಕು, 40ರಿಂದ 60 ಸೆಕೆಂಡ್. ತಾಯಿಯನ್ನು ಒಂದು ಮಗ್ಗುಲಿಗೆ ಹೊರಳಿಸಿ ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಮಗುವನ್ನೂ ಮಗ್ಗುಲಾಗಿ ಮಲಗಿಸಿ, ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ, ಮೂಗು ಮೊಲೆತೊಟ್ಟಿನ ಎದುರಿಗೆ ಬರುವಂತೆ ಇಡಬೇಕು. ಹಿಡಿಯುವುದು ಮಗುವಿನ ಬೆನ್ನು ಮತ್ತು ಭುಜವನ್ನು. ತಲೆಯನ್ನು ಹಿಂದಿನಿಂದ ಒತ್ತಿದರೆ ಮಗು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಎಲ್ಲರೂ ಮಾಡುವ ತಪ್ಪು ಅದು. ಬಾಯಿ ಅಗಲವಾಗಿ ತೆರೆದಾಗ ಹತ್ತಿರ ತರಬೇಕು. ಗದ್ದ ಎದೆಗೆ ತಾಗಿ, ಕೆಳತುಟಿ ಹೊರಗೆ ಮಡಚಿ, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳಗಡೆ ಹೆಚ್ಚು ಒಳಗೆ ಹೋಗಿದ್ದರೆ ಸರಿ. ತೊಟ್ಟು ಮಾತ್ರ ಕಚ್ಚಿದರೆ ತಾಯಿಗೆ ನೋವು, ಮಗುವಿಗೆ ಹಾಲಿಲ್ಲ. ಆಗ ಸ್ವಚ್ಛವಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ತೂರಿಸಿ ಬಿಡಿಸಿ ಮತ್ತೆ ಹಿಡಿಸಬೇಕು. ಅಳುವವರೆಗೆ ಕಾಯುವುದೂ ತಪ್ಪೇ. ಮಗು ತುಟಿ ಚಪ್ಪರಿಸುವುದು, ಕೈ ಬಾಯಿಗೆ ಒಯ್ಯುವುದು, ತಲೆ ಆಚೀಚೆ ಹೊರಳಿಸುವುದು ಹಸಿವಿನ ಸೂಚನೆ. ಅಳು ಕೊನೆಗೆ ಬರುವುದು.

ಎದೆ ಹಿಡಿಯದಿದ್ದರೆ ತಾಯಿ ಕೈಯಿಂದ ಹಿಂಡಿದ ಗಿಣ್ಣುಹಾಲನ್ನು ಒಳಲೆಯಲ್ಲಿ (ಕೊಕ್ಕಿರುವ ಪುಟ್ಟ ಬಟ್ಟಲು) ಕೊಡಬಹುದು. ಈ ಕೆಲಸವನ್ನು ಅಪ್ಪ ಪೂರ್ತಿ ವಹಿಸಿಕೊಳ್ಳಬಹುದು. ಒಳಲೆಯನ್ನು ತೊಳೆದು, ನೀರಿನಲ್ಲಿ ಮುಳುಗಿಸಿ ಕನಿಷ್ಠ 10 ನಿಮಿಷ ಕುದಿಸಬೇಕು. ಮಗುವನ್ನು ಅರ್ಧ ಕೂರಿಸಿದಂತೆ ತೊಡೆಯ ಮೇಲಿಟ್ಟು, ಕುತ್ತಿಗೆಗೆ ಒಂದು ಕೈಯ ಆಸರೆ. ಒಳಲೆಯ ಕೊಕ್ಕನ್ನು ಬಾಯಿಯ ಮೂಲೆಗೆ ತಾಗಿಸಿ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು, ನುಂಗಿದ ಮೇಲೆ ಮುಂದಿನದು. ಮಲಗಿಸಿ ಸುರಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ಎಷ್ಟು ಎಂಬ ಪ್ರಶ್ನೆಗೆ ಉತ್ತರ ಮನೆಯವರನ್ನು ಅಚ್ಚರಿಗೊಳಿಸುತ್ತದೆ. ಮೊದಲ 24 ಗಂಟೆಯಲ್ಲಿ ಒಂದು ಸಲಕ್ಕೆ 2ರಿಂದ 10 ಮಿಲಿ ಸಾಕು, ಎರಡನೇ ದಿನ 5ರಿಂದ 15, ಮೂರನೇ ದಿನ 15ರಿಂದ 30. "ಹಾಲೇ ಬರುತ್ತಿಲ್ಲ" ಎಂದು ಮೊದಲ ದಿನ ಹೇಳುವ ಮನೆಯಲ್ಲಿ ಹೆಚ್ಚಿನ ಸಲ ಬೇಕಾದಷ್ಟು ಬರುತ್ತಲೇ ಇರುತ್ತದೆ, ಆದರೆ ಅದು ಚಮಚದ ಲೆಕ್ಕದಲ್ಲಿ. ಅವಧಿಗೆ ಮುನ್ನ ಹುಟ್ಟಿದ ಮಗುವಿಗೆ ತಾಯಿಯ ಹಾಲು ಸಾಲದೇ ಹೋದರೆ ಡಬ್ಬಿಗಿಂತ ಮೊದಲು ದಾನಿ ತಾಯಂದಿರ ಹಾಲನ್ನು ವಿಚಾರಿಸಬೇಕು. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ ತಾಯಿಹಾಲಿನ ಬ್ಯಾಂಕ್ ಇದೆ. ಪೌಡರ್ ಹಾಲಿನ ಪ್ರಚಾರ 1992ರ ಕಾಯ್ದೆಯ ಪ್ರಕಾರ ನಿಷಿದ್ಧ. ವೈದ್ಯಕೀಯ ಕಾರಣ ಬರೆಯದೆ ಡಬ್ಬಿಯ ಚೀಟಿ ಅಪ್ಪನ ಕೈಗೆ ಹೋಗಬಾರದು ಎಂದು ತಾವು ಲಿಖಿತವಾಗಿ ಆದೇಶಿಸಬೇಕು.

ಹಾಲು ಸಾಕಾಗುತ್ತಿದೆಯೇ ಎಂದು ತಿಳಿಯಲು ಅಪ್ಪನ ಕೈಗೆ ಒಂದು ಹಾಳೆ, ಒಂದು ಪೆನ್ನು ಕೊಟ್ಟರೆ ಸಾಕು. ಮೂರು ಸಾಲು: ಹಾಲು ಕುಡಿದ ಹೊತ್ತು, ಮೂತ್ರ, ಮಲ. ಮೂತ್ರ ಮೊದಲ ದಿನ ಕನಿಷ್ಠ 1 ಸಲ, ಎರಡನೇ ದಿನ 2, ಮೂರನೇ ದಿನ 3, ಐದನೇ ದಿನದಿಂದ 6 ಅಥವಾ ಹೆಚ್ಚು. ಮೊದಲ ಮಲ 24 ಗಂಟೆಯೊಳಗೆ ಆಗಬೇಕು, ಆಗದಿದ್ದರೆ ಡಾಕ್ಟರಿಗೆ ತಿಳಿಸಬೇಕು. ಅದು ಕಪ್ಪು, ಡಾಂಬರಿನಂತೆ ಅಂಟು. ಒಣಬಟ್ಟೆಯಲ್ಲಿ ತಿಕ್ಕಿದರೆ ಚರ್ಮ ಕೆಂಪಾಗುತ್ತದೆ, ತುಸು ತೆಂಗಿನೆಣ್ಣೆ ಸವರಿ ಹತ್ತಿಯಲ್ಲಿ ಒರೆಸಿದರೆ ಸುಲಭವಾಗಿ ಬರುತ್ತದೆ. ಹೆಣ್ಣುಮಗುವಾದರೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ನಾಲ್ಕೈದು ದಿನಗಳಲ್ಲಿ ಮಲ ಹಸಿರಿಗೆ ತಿರುಗಿ ಹಳದಿಯಾಗದೆ ಕಪ್ಪಾಗಿಯೇ ಇದ್ದರೆ ಹಾಲು ಹೊಟ್ಟೆಗೆ ಹೋಗುತ್ತಿಲ್ಲ ಎಂದರ್ಥ. ಬಟ್ಟೆಯ ಮೇಲೆ ಇಟ್ಟಿಗೆ ಪುಡಿಯ ಬಣ್ಣದ ಕಲೆ ಮೊದಲ ಎರಡು ಮೂರು ದಿನ ಕಂಡರೆ ಗಾಬರಿ ಬೇಡ, ಅದು ರಕ್ತವಲ್ಲ, ಗಟ್ಟಿಮೂತ್ರದ ಹರಳು. ನಾಲ್ಕನೇ ದಿನದ ಮೇಲೂ ಕಂಡರೆ ಹಾಲು ಸಾಲುತ್ತಿಲ್ಲ. ಈ ಲೆಕ್ಕ ತಪ್ಪುವುದು ಡೈಪರ್‌ನಿಂದ. ಅದರೊಳಗಿನ ಜೆಲ್ ಅಷ್ಟು ಸ್ವಲ್ಪ ಮೂತ್ರವನ್ನು ಹೀರಿ ಒಣಗಿದಂತೆಯೇ ತೋರಿಸುತ್ತದೆ. ಆಸ್ಪತ್ರೆಯಲ್ಲಿರುವಷ್ಟು ದಿನ ಹಳೆಯ ಪಂಚೆಯ ತುಂಡುಗಳೇ ಉತ್ತಮ. ದಿನಕ್ಕೆ 10–12 ಬೇಕು, ಮಳೆಗಾಲದಲ್ಲಿ ಒಣಗುವುದಿಲ್ಲ ಎಂದು ಇನ್ನೂ ಹೆಚ್ಚು. ಒಣಗಿದ ಮೇಲೂ ಇಸ್ತ್ರಿ ಹಾಕಿ ತರಲಿ.

ತೂಕದ ವಿಷಯವನ್ನೂ ಅಪ್ಪನಿಗೆ ಮುಂಚೆಯೇ ಹೇಳಿಬಿಡಿ. ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ತೂಕ ಇಳಿಯುತ್ತವೆ. 3 ಕಿಲೋದ ಮಗು 210 ಗ್ರಾಂ ಇಳಿದರೆ ಅದು ನೂರಕ್ಕೆ ಏಳು. ಹಾಲೂಡಿಸುವ ಕ್ರಮವನ್ನು ಒಮ್ಮೆ ನೋಡಬೇಕು. 300 ಗ್ರಾಂ ದಾಟಿದರೆ ಡಿಸ್ಚಾರ್ಜ್ ಮಾಡುವ ಮುನ್ನ ಡಾಕ್ಟರ್ ನೋಡಲೇಬೇಕು. ಹುಟ್ಟಿದ ತೂಕಕ್ಕೆ ಮರಳಲು 10ರಿಂದ 14 ದಿನ.

ಇನ್ನು ಕಾವು. ತಾಯಿ ಆಪರೇಷನ್ ಥಿಯೇಟರಿನಲ್ಲಿರುವಾಗ ಮಗುವನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಲ್ಲಿ ಇಟ್ಟು ಬಿಡುವ ಬದಲು ಅಪ್ಪನ ಎದೆಗೆ ಕೊಡಿ. ಅಂಗಿ ತೆಗೆದು, ಹಿಂದಕ್ಕೆ ಒರಗಿ ಕೂರುವ ಕುರ್ಚಿಯಲ್ಲಿ ಕೂರಲಿ. ಮಗುವಿಗೆ ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ. ಎದೆಯ ನಡುವೆ ನೆಟ್ಟಗೆ, ತಲೆ ಒಂದು ಬದಿಗೆ ತಿರುಗಿ ಗದ್ದ ತುಸು ಮೇಲಕ್ಕೆ, ಕೈಕಾಲು ಕಪ್ಪೆಯ ಹಾಗೆ ಮಡಚಿ. ಮೇಲಿನಿಂದ ಒಂದು ಬೈರಾಸಿನಲ್ಲಿ ಬಿಗಿಯಾಗಿ ಸುತ್ತಬೇಕು, ಅಂಚು ಮಗುವಿನ ಕಿವಿಯ ಕೆಳಗೆ ಬರಬೇಕು. ಕತ್ತು ಮುಂದಕ್ಕೆ ಬಗ್ಗಿ ಗದ್ದ ಎದೆಗೆ ಕುಸಿದರೆ ಉಸಿರಿನ ದಾರಿ ಕಟ್ಟುತ್ತದೆ, ಅಪ್ಪ ಸದಾ ನೋಡಬೇಕಾದದ್ದು ಅದನ್ನು. ಮಗುವನ್ನು ಎದೆಯ ಮೇಲಿಟ್ಟುಕೊಂಡು ಅಪ್ಪ ನಿದ್ದೆಗೆ ಜಾರಬಾರದು. 2.5 ಕಿಲೋಗಿಂತ ಕಡಿಮೆ ತೂಕದ ಅಥವಾ ಅವಧಿಗೆ ಮೊದಲು ಹುಟ್ಟಿದ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಹೀಗೆ ಮೈಗೆ ಮೈ ತಾಗಿಸಿ ಇಟ್ಟುಕೊಳ್ಳುವ ಕಾಂಗರೂ ಆರೈಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಹೊಲಿಗೆ ಹಾಕಿಸಿಕೊಂಡ ಒಬ್ಬ ತಾಯಿ ಅಷ್ಟು ಗಂಟೆ ಎಲ್ಲಿಂದ ತರಬೇಕು? ಎರಡನೆಯ ಎದೆಯೊಂದು ಬೇಕೇ ಬೇಕು.

ನಮ್ಮ ಸೆಕೆಯ ಊರಿನಲ್ಲಿ ಇದರ ಉಲ್ಟಾ ತಪ್ಪೂ ಆಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಸ್ವೆಟರ್, ಟೊಪ್ಪಿ, ಎರಡು ಕಂಬಳಿ ಹೊದೆಸಿದ ಮಗುವಿಗೆ ಮೂರನೇ ದಿನ ಜ್ವರ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಾಲು ಕಡಿಮೆ, ಬಟ್ಟೆ ಹೆಚ್ಚು, ಮೂತ್ರ ಕಡಿಮೆ ಎಂದಾದರೆ ನೀರಿನಂಶ ಇಳಿದ ಜ್ವರವಿರಬಹುದು. ಸೋಂಕೂ ಇರಬಹುದು, ಆದ್ದರಿಂದ ಮನೆಯಲ್ಲಿ ನಿರ್ಧರಿಸದೆ ತೋರಿಸಬೇಕು. ಖಾಸಗಿ ಕೊಠಡಿಗಳಲ್ಲಿ ನೋಡಲು ಬಂದವರು ಎಸಿಯನ್ನು 18ಕ್ಕೆ ಇಳಿಸುತ್ತಾರೆ. ಮಗುವಿರುವ ಕೋಣೆ 25ರಿಂದ 28 ಡಿಗ್ರಿ ಇರಬೇಕು. ರಿಮೋಟ್ ಅಪ್ಪನ ಜೇಬಿನಲ್ಲಿರಲಿ.

ಕಾಮಾಲೆಯ ಬಗ್ಗೆ ಮೂರು ಮಾತು ಸಾಕು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಥವಾ ಯಾವಾಗಲಾದರೂ ಅಂಗೈ ಅಂಗಾಲಿಗೆ ಹಳದಿ ಇಳಿದರೆ ಅದು ತುರ್ತು. ನೋಡಬೇಕಾದದ್ದು ಕಿಟಕಿಯ ಹಗಲು ಬೆಳಕಿನಲ್ಲಿ, ಎದೆಯ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟು. ಟ್ಯೂಬ್‌ಲೈಟಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಬೆಳಗಿನ ಬಿಸಿಲಿಗೆ ಹಿಡಿಯುವುದು ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಗೆ (ಫೋಟೊಥೆರಪಿ) ಬದಲಿಯಲ್ಲ. ಇನ್ನೊಂದು, ಕಪಾಟಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದ ಮಗುವಿನ ಹಳೆಯ ಬಟ್ಟೆಗಳನ್ನು ಹಾಗೇ ತೊಡಿಸುವ ರೂಢಿ. ಜಿ6ಪಿಡಿ ಕಿಣ್ವದ ಕೊರತೆ ಇರುವ ಮಗುವಿಗೆ ಆ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರಬಹುದು. ಬಟ್ಟೆ ತರುವುದು ಅಪ್ಪನಾದ್ದರಿಂದ ಇದು ಅವರಿಗೇ ಗೊತ್ತಿರಬೇಕು.

ಜೇನು ನೆಕ್ಕಿಸುವುದು, ಬಜೆ ತೇಯ್ದು ನಾಲಗೆಗೆ ಸವರುವುದು, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು, ಹೊಕ್ಕುಳಿಗೆ ಪುಡಿ ಹಾಕುವುದು, ಕಣ್ಣಿಗೆ ಕಾಡಿಗೆ, ತಲೆಗೆ ಸಾಸಿವೆ ದಿಂಬು. ಇವುಗಳನ್ನು ಬೇಡ ಎಂದು ಹಿರಿಯ ಹೆಂಗಸರಿಗೆ ಹೇಳುವುದು ಬಾಣಂತಿಗೆ ಕಷ್ಟ. ಗಂಡ ಪಕ್ಕದಲ್ಲಿ ನಿಂತು, "ಡಾಕ್ಟರ್ ಬೇಡ ಅಂದಿದ್ದಾರೆ ಅತ್ತೆ, ಹೊಕ್ಕುಳು ಒಣಗಿ ತಾನೇ ಬೀಳುತ್ತದಂತೆ" ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಹಿರಿಯರನ್ನು ನೋಯಿಸದೆ ಇದನ್ನು ಹೇಳುವ ಬಗೆಯನ್ನೂ ಅಪ್ಪಂದಿರಿಗೆ ಕಲಿಸಬೇಕೆಂದು ನಮ್ಮ ಅನಿಸಿಕೆ.

ಲಸಿಕೆ ಮತ್ತು ಕಾಗದಪತ್ರದ ಕೆಲಸ ಈಗಲೂ ಅಪ್ಪನದೇ, ಆದರೆ ಏನು ಕೇಳಬೇಕೆಂದು ತಿಳಿಯದೆ ಮಾಡುತ್ತಾರೆ. ವಿಟಮಿನ್ ಕೆ ಕೊಟ್ಟರೇ, ಹೆಪಟೈಟಿಸ್ ಬಿ 24 ಗಂಟೆಯೊಳಗೆ ಆಯಿತೇ, ಬಿಸಿಜಿ ಮತ್ತು ಪೋಲಿಯೊ ಹನಿ ತಾಯಿ ಕಾರ್ಡಿನಲ್ಲಿ ನಮೂದಾಯಿತೇ ಎಂದು ನೋಡಬೇಕು. ತಾಯಿಯ ರಕ್ತ ನೆಗೆಟಿವ್, ಮಗುವಿನದು ಪಾಸಿಟಿವ್ ಆಗಿದ್ದರೆ 72 ಗಂಟೆಯೊಳಗೆ ಆ್ಯಂಟಿ-ಡಿ ಇಂಜೆಕ್ಷನ್ ಬೇಕು. ತಪ್ಪಿದರೆ ಪೆಟ್ಟು ಬೀಳುವುದು ಮುಂದಿನ ಮಗುವಿಗೆ. ಜನನ ನೋಂದಣಿಗೆ 21 ದಿನಗಳ ಗಡುವು. ಫಾರಂನಲ್ಲಿ ಅಪ್ಪ ಅಮ್ಮನ ಹೆಸರಿನ ಅಕ್ಷರಗಳು ಆಧಾರ್‌ನಲ್ಲಿದ್ದಂತೆಯೇ ಇರಲಿ. 2023ರ ಅಕ್ಟೋಬರ್ 1ರಂದು ಅಥವಾ ನಂತರ ಹುಟ್ಟಿದವರಿಗೆ ಶಾಲೆಯಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ, ಆಮೇಲೆ ತಿದ್ದಿಸುವ ಅಲೆದಾಟ ದೊಡ್ಡದು. ಸರ್ಕಾರಿ ಆಸ್ಪತ್ರೆಯಲ್ಲಾದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧ, ಪರೀಕ್ಷೆ, ರಕ್ತ, ಊಟ, ಮನೆಗೆ ಹೋಗುವ ವಾಹನ ಎಲ್ಲವೂ ಉಚಿತ ಎಂದು ಬೋರ್ಡಿನಲ್ಲಿ ಬರೆದರೆ ಸಾಲದು, ಅಪ್ಪನಿಗೆ ಬಾಯಲ್ಲೂ ಹೇಳಿ.

ಮಗುವಿನ ಗಡಿಬಿಡಿಯಲ್ಲಿ ತಾಯಿಯನ್ನು ಗಮನಿಸುವವರು ಕಡಿಮೆ. ಹೆರಿಗೆಯಾದ ಮೊದಲ 24 ಗಂಟೆ ರಕ್ತಸ್ರಾವದ ಅಪಾಯ ಅತಿ ಹೆಚ್ಚು. ಒಂದು ಪ್ಯಾಡ್ ಒಂದು ಗಂಟೆಯೊಳಗೆ ಪೂರ್ತಿ ನೆನೆದರೆ, ಆಕೆ ಬಿಳಿಚಿಕೊಂಡು ಬೆವರಿದರೆ, ತಲೆ ಸಿಡಿಯುವ ನೋವು ಅಥವಾ ಕಣ್ಣು ಮಂಜಾದರೆ ಗಂಡ ತಕ್ಷಣ ನಮ್ಮನ್ನು ಕರೆಯಬೇಕು. "ರಾತ್ರಿ ಸಿಸ್ಟರಿಗೆ ಯಾಕೆ ತೊಂದರೆ" ಎಂದು ಕಾಯಬಾರದು. ಮೂರನೇ, ನಾಲ್ಕನೇ ದಿನ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಹೋಗದಿದ್ದರೆ, ಮಗು ಬೇಡ ಎನ್ನುವ ಮಾತು ಬಂದರೆ ವೈದ್ಯರ ಬಳಿ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೂ ಕರೆ ಮಾಡಬಹುದು.

ಡಿಸ್ಚಾರ್ಜ್ ಮುನ್ನ ಅಪ್ಪನಿಂದ ಒಂದು ಸಲ ಮಾಡಿಸಿ ನೋಡಿ: ಮಲಗಿದ ಮಗುವಿನ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಲಿ. ಉಸಿರು ಕೆಲವು ಸೆಕೆಂಡ್ ನಿಂತು ಮತ್ತೆ ಶುರುವಾಗುವುದು ನವಜಾತ ಶಿಶುವಿನಲ್ಲಿ ಸಹಜ, ಅದಕ್ಕಾಗಿಯೇ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬಾರದು. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಬೇಕು, ಮತ್ತೂ ಹಾಗೇ ಇದ್ದರೆ ಆಸ್ಪತ್ರೆಗೆ. ಎದೆಯ ಕೆಳಭಾಗ ಒಳಗೆ ಸೆಳೆದರೆ, ಹಾಲು ಕುಡಿಯುವುದು ನಿಲ್ಲಿಸಿದರೆ, ಮುಟ್ಟಿದರಷ್ಟೇ ಅಲುಗಾಡಿದರೆ, ಸೆಳೆತ ಬಂದರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ಕಾಯದೆ 108. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಬಾಣಂತನ ತವರಿನಲ್ಲಾದರೆ ಆ ಊರಿನ ಆಶಾಗೆ ಸುದ್ದಿ ತಲುಪುವುದೇ ಇಲ್ಲ. ಫೋನ್ ಮಾಡಿ ತಿಳಿಸುವ ಕೆಲಸ ಅಪ್ಪನದು, ಆ ನಂಬರ್ ಬರೆದುಕೊಡುವುದು ನಮ್ಮದು.

ರಜೆಯ ವಿಚಾರ ತಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಕೇಂದ್ರ ಸರ್ಕಾರಿ ನೌಕರನಾದ ಅಪ್ಪನಿಗೆ 15 ದಿನ ಪಿತೃತ್ವ ರಜೆ ಇದೆ, ಖಾಸಗಿಯವರಿಗೆ ಅದನ್ನು ಕಡ್ಡಾಯ ಮಾಡುವ ಕಾನೂನಿಲ್ಲ. ಆದರೆ "ಇವರು ಬಾಣಂತಿಯ ಆರೈಕೆಗೆ ಆಸ್ಪತ್ರೆಯಲ್ಲಿದ್ದರು" ಎಂದು ಸೀಲು ಹಾಕಿದ ಒಂದು ಪತ್ರ ಕೊಟ್ಟರೆ ಕಾರ್ಖಾನೆಯ ಸೂಪರ್‌ವೈಸರ್ ಹತ್ತಿರ, ಕಟ್ಟಡದ ಮೇಸ್ತ್ರಿ ಹತ್ತಿರ ಅದಕ್ಕೆ ಬೆಲೆ ಇದೆ.

ಖರ್ಚಿನ ಲೆಕ್ಕದಲ್ಲಿ ನಾವು ಕೇಳುವುದು ಪರದೆ, ಬ್ಯಾಡ್ಜ್, ಕನ್ನಡ, ಹಿಂದಿ ಮತ್ತು ಮಲಯಾಳದಲ್ಲಿ ಅಚ್ಚಾದ ಒಂದು ಹಾಳೆ, ಎಂಟನೇ ತಿಂಗಳ ತಪಾಸಣೆಯ ದಿನ ಗಂಡಂದಿರಿಗೆ ಅರ್ಧ ಗಂಟೆಯ ತರಬೇತಿ, ಮಂಚದ ಪಕ್ಕ ಒರಗಿ ಕೂರಬಹುದಾದ ಕುರ್ಚಿ. ತುಳು, ಕೊಂಕಣಿ, ಬ್ಯಾರಿಯಲ್ಲಿ ಹೇಳಿಕೊಡಲು ನಮ್ಮಲ್ಲೇ ಜನ ಇದ್ದಾರೆ. ಇನ್ನೊಂದು ಮುಖ್ಯ ಸಂಗತಿ, ಹೆರಿಗೆ ವಾರ್ಡಿನ ಅದೇ ಮಹಡಿಯಲ್ಲಿ ಗಂಡಸರಿಗೊಂದು ಶೌಚಾಲಯ ಮತ್ತು ಸೋಪು ಇರುವ ಬೇಸಿನ್. ಹೆಚ್ಚಿನ ಕಟ್ಟಡಗಳಲ್ಲಿ ಇವು ಇರುವುದು ನೆಲಮಹಡಿಯಲ್ಲಿ. ಕೈ ತೊಳೆಯಲು ಮೂರು ಮಹಡಿ ಇಳಿದು ಹತ್ತಬೇಕಾದರೆ ಯಾರೂ ಪ್ರತಿ ಸಲ ತೊಳೆಯುವುದಿಲ್ಲ. ಮುಂದಿನ ದುರಸ್ತಿ ಕಾಮಗಾರಿಯ ಪಟ್ಟಿಯಲ್ಲಿ ಮೊದಲು ಇದನ್ನು ಸೇರಿಸಿ.

ಇಂತಿ,
ಹೆರಿಗೆ ಮತ್ತು ನವಜಾತ ಶಿಶು ವಾರ್ಡ್‌ಗಳ ಶುಶ್ರೂಷಾ ಸಿಬ್ಬಂದಿ
ಮಂಗಳೂರು – ಉಡುಪಿ